ಪರದೆಯಾಚೆ ಹೂಂಗುಟ್ಟಿದವರು

ಹೊಟ್ಟೆಯ ಸದ್ದು ತನ್ನದೇ ಎಂದು ಒಪ್ಪಿಕೊಂಡ ಮನುಷ್ಯನನ್ನು ನಾನಂತೂ ಕಂಡಿಲ್ಲ. ಠಾಣೆ ನಗರದ ಕಾರ್ಖಾನೆ ಪ್ರದೇಶವಾದ ವಾಗ್ಳೆ ಎಸ್ಟೇಟಿನ ಹೋಟೆಲಿಗೆ ಸೇರಿದ ಹೊಸತರಲ್ಲಿ ನಾವು ಎಂಟು ಜನ ಅಟ್ಟದ ಮೇಲೆ ಸಾಲಾಗಿ ಮಲಗುತ್ತಿದ್ದೆವು. ಯಾರ ಹೊಟ್ಟೆ ಏನೇ ಅಪರಾಧ ಮಾಡಲಿ, ಪಕ್ಕದವನ ಮೇಲೆ ಹಾಕಿ ಮಗ್ಗುಲು ಬದಲಿಸುವುದು ಅಲ್ಲಿಯ ಕಾನೂನು. ಮುಂದೆ ಗಲ್ಲಾದಲ್ಲಿ ಕೂತ ಮೇಲೂ ಆ ಅಭ್ಯಾಸ ನನ್ನನ್ನು ಬಿಡಲಿಲ್ಲ.

ಅಂಥ ನನ್ನ ದೊಡ್ಡ ಕರುಳಿನಲ್ಲಿ ಒಂದು ಗೇಣನ್ನು ಠಾಣೆಯ ಆಸ್ಪತ್ರೆಯೊಂದರಲ್ಲಿ ಕತ್ತರಿಸಿ ತೆಗೆದರು. ನಾಲ್ಕನೆಯ ದಿನ ಡಾಕ್ಟರು ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, "ಕುಛ್ ಸುನಾಯಿ ನಹೀ ದೇತಾ" ಎಂದರು. ಏನೂ ಕೇಳಿಸುತ್ತಿಲ್ಲವಂತೆ. ಐವತ್ತು ವರ್ಷ ಬಾಯಿ ಮುಚ್ಚದ ಹೊಟ್ಟೆ ಯಾರೂ ವಾಸವಿಲ್ಲದ ಮನೆಯಂತೆ ಸುಮ್ಮನಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಕರುಳನ್ನು ಎಬ್ಬಿಸಲು ಗುಳಿಗೆ ಶುರು ಮಾಡಿದರು. ಮರುದಿನ ಸಂಜೆಯೊಳಗೆ ಗಾಳಿ ಹೋಗದಿದ್ದರೆ ಮೂಗಿನಿಂದ ನಳಿಗೆ. ಅದಕ್ಕೂ ಬಗ್ಗದಿದ್ದರೆ ಮತ್ತೆ ಹೊಟ್ಟೆ ಬಿಚ್ಚುವುದು. ಹೆಂಡತಿ ಸುಮತಿ ಗಂಟೆಗೊಮ್ಮೆ, ಊರಿನ ಬಸ್ಸನ್ನು ವಿಚಾರಿಸುವವಳ ಹಾಗೆ, "ಎಂತ, ಹೋಯ್ತಾ?" ಎಂದು ಕೇಳುತ್ತಿದ್ದಳು.

ಪರದೆಯಾಚೆಯ ಮಂಚದಲ್ಲಿ ಡೊಂಬಿವಲಿಯ ಕಾಕಾ. ಅವರಿಗೂ ಅದೇ ಆಪರೇಷನ್, ಅದೇ ಗುಳಿಗೆ. "ಅಣ್ಣಾ, ಜಿಸ್ಕಾ ಪೆಹಲೇ ಬಜೇಗಾ, ವೋ ಚಾಯ್ ಪಿಲಾಯೇಗಾ" ಎಂದು, ಯಾರ ಹೊಟ್ಟೆ ಮೊದಲು ಸದ್ದು ಮಾಡುತ್ತದೋ ಅವರೇ ಚಹಾ ಕುಡಿಸಬೇಕೆಂದು, ಆ ಸಂಜೆ ಪಂಥ ಕಟ್ಟಿದ್ದರು.

ಮರುದಿನ ಮಧ್ಯಾಹ್ನ ವಾರ್ಡು ನಿಶ್ಶಬ್ದ. ಸುಮತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಫ್ಯಾನು ನಿಂತಿತ್ತು, ಆದರೂ ಪರದೆ ಮೆಲ್ಲಗೆ ಅಲುಗುತ್ತಿತ್ತು. "ಕಾಕಾ, ಜಾಗ್ ರಹೇ ಹೋ?" ಎಂದು ಎಚ್ಚರವಿದ್ದಾರೋ ವಿಚಾರಿಸಿದೆ. ಸಣ್ಣಗೆ "ಊಂ" ಎಂಬ ಉತ್ತರ ಬಂತು. ಮತ್ತೆ ಕೊಯ್ದರೆ ನಾನು ಏಳುವುದಿಲ್ಲವೆಂಬ ಭಯವನ್ನೆಲ್ಲ ತೋಡಿಕೊಂಡೆ. ಪ್ರತಿ ಮಾತಿಗೂ ತುಸು ತಡವಾಗಿ "ಊಂ... ಊಂ." ಇಷ್ಟು ತಾಳ್ಮೆಯಿಂದ ನನ್ನ ಮಾತನ್ನು ಮನೆಯಲ್ಲೂ ಯಾರೂ ಕೇಳಿದ್ದಿಲ್ಲ. ಕೊನೆಗೆ ಮಂಚವೇ ನಡುಗುವಂಥ ಉದ್ದನೆಯ ಸದ್ದು.

ಸಿಸ್ಟರ್ ಓಡಿ ಬಂದರು. "ಪಾಸ್ ಹುವಾ? ಆಪ್ಕಾ ಹೈ ನಾ?"

ಅಟ್ಟದ ಅಭ್ಯಾಸ ನೋಡಿ, ನಾಲಗೆ ತಾನಾಗಿ ಹೊರಳಿತು. "ನಹೀ ನಹೀ, ಕಾಕಾ ಕಾ."

ಸಿಸ್ಟರ್ ಮುಖ ಬಿಳುಪೇರಿತು. ಪರದೆ ಸರಿಸಿದರು. ಆಚೆ ಚಾದರ ಬಿಗಿಯಾಗಿ ಹಾಸಿದ ಖಾಲಿ ಮಂಚ. ಕಾಕಾ ಬೆಳಿಗ್ಗೆ, ನಾನು ನಿದ್ದೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ನಾನು ಹೆದರುತ್ತೇನೆಂದು ಸುಮತಿ ಮುಚ್ಚಿಟ್ಟಿದ್ದಳು.

ಹಾಗಾದರೆ ಇಷ್ಟು ಹೊತ್ತು ಹೂಂಗುಟ್ಟಿದವರು ಯಾರು? ಆಗಲೇ ಮತ್ತೊಮ್ಮೆ "ಊಂ", ಈ ಸಲ ಸ್ಪಷ್ಟವಾಗಿ ನನ್ನ ಹೊದಿಕೆಯ ಒಳಗಿನಿಂದ. "ಸಿಸ್ಟರ್, ಮೇರಾ ಹೀ ಹೈ" ಎಂದು ನನ್ನದೇ ಎಂಬುದನ್ನು ಒಪ್ಪಿಕೊಂಡೆ, ಜೀವಮಾನದಲ್ಲಿ ಮೊದಲ ಬಾರಿಗೆ. ಕಣ್ಣಲ್ಲಿ ನೀರು ಬಂತು. ಉಳಿದೆನೆಂಬ ಸಂತೋಷ, ಕಾಕಾ ಇಲ್ಲವೆಂಬ ಸಂಕಟ ಎರಡೂ ಒಟ್ಟಿಗೇ.

ಸಂಜೆ ನನಗೆ ಅರ್ಧ ಕಪ್ ಚಹಾ ಮಂಜೂರಾಯಿತು. ಪಂಥ ನೆನಪಾಗಿ ಇನ್ನೊಂದು ಕಪ್ ತರಿಸಿ, ಖಾಲಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಸುಮತಿ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಅದೂ ಬರಿದಾಗಿತ್ತು.

"ಇದನ್ನು ಯಾರು ಕುಡಿದದ್ದು ಮಾರಾಯ್ರೆ?" ಎಂದಳು.

ನಾನು ಮೀಸೆ ಒರೆಸಿಕೊಂಡು, "ಕಾಕಾ" ಎಂದೆ.