ಸೆಂಟಣ್ಣನ ಮೂಗಿನ ಪರೀಕ್ಷೆ

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಚುಂಯ್ ಎಂದು ಹಬೆ ಏಳುತ್ತದಲ್ಲ, ಆ ಹಬೆಗೊಂದು ವಾಸನೆಯಿದೆ. ಅರ್ಧ ಸೋಪು, ಅರ್ಧ ಸುಟ್ಟ ಹತ್ತಿ. ಸೆಂಟಣ್ಣನಿಗೆ ಅದು ಚೆನ್ನಾಗಿ ನೆನಪಿತ್ತು. ನೆನಪಿರದೆ ಏನು? ಅವನು ಈ ಲೋಕದಲ್ಲಿ ಮೂಸಿದ ಕಡೆಯ ವಾಸನೆ ಅದೇ. ಅಮ್ಮ ಇಸ್ತ್ರಿ ಮಾಡಿಕೊಟ್ಟ ಶಾಲೆಯ ಅಂಗಿ ತೊಟ್ಟುಕೊಂಡು ಆ ಬೆಳಿಗ್ಗೆ ಕಾಂಪೌಂಡ್ ಗೋಡೆ ಹತ್ತಿದ. ಹತ್ತಿದಷ್ಟೇ ಉತ್ಸಾಹದಿಂದ ತಲೆಕೆಳಗಾಗಿ ಬಿದ್ದ. ತಲೆಯ ಗಾಯ ಮಾಯಿತು. ಮೂಗು ಮಾತ್ರ ರಜೆ ಹಾಕಿ ಹೋದದ್ದು ಮತ್ತೆ ಕೆಲಸಕ್ಕೆ ಹಾಜರಾಗಲಿಲ್ಲ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಿವಿ ಕೇಳದಿದ್ದರೆ ಜನ ಕೂಗಿ ಮಾತಾಡುತ್ತಾರೆ, ಕಣ್ಣು ಕಾಣದಿದ್ದರೆ ಕೈ ಹಿಡಿದು ರಸ್ತೆ ದಾಟಿಸುತ್ತಾರೆ. ಮೂಗು ಕೆಲಸ ಮಾಡದು ಎಂದರೆ ನಗುತ್ತಾರೆ, ಅಷ್ಟೆ. ದೊಡ್ಡವನಾದ ಮೇಲಂತೂ ಹೇಳುವ ಹಾಗೆಯೇ ಇರಲಿಲ್ಲ. ಊರೆಲ್ಲ ಅಲೆದರೂ ಅವನಿಗೆ ಕೆಲಸ ಸಿಕ್ಕಿದ್ದು ಒಂದೇ ಕಡೆ, ಸೆಂಟಿನ ಅಂಗಡಿಯಲ್ಲಿ.

ಶೀಷೆಯ ಮೇಲಿನ ಚೀಟಿ ಓದಿ, ಗಿರಾಕಿಯ ಮುಖ ನೋಡಿ, ಅವನು ಅಲ್ಲಿ ಹೆಸರುವಾಸಿಯಾದ. ‘ಸೆಂಟಣ್ಣ’ ಎಂದರೆ ಅವನು ವಾಸವಿದ್ದ ಮೂರು ಮಹಡಿಯ ಕಟ್ಟಡದಲ್ಲಿ ಎಲ್ಲರಿಗೂ ಹೆಮ್ಮೆ. ಅಂಗಡಿಯ ಯಜಮಾನರೂ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ಹಾಗಾಗಿ ಸೆಂಟಣ್ಣ ಮನೆಯಲ್ಲಿದ್ದಾಗಲೂ ಆಗಾಗ ಗಾಳಿಯನ್ನು ಮೂಸಿ ‘ಆಹಾ’ ಎನ್ನುವ ಅಭ್ಯಾಸ ಇಟ್ಟುಕೊಂಡಿದ್ದ.

ಆಗ ಬಂತು ನೋಡಿ, ಆ ಕಾಯಿಲೆ.

ಮೊದಲ ದಿನಗಳು ಅವು. ಜನ ತರಕಾರಿಗೆ ಸ್ನಾನ ಮಾಡಿಸುತ್ತಿದ್ದರು, ಪತ್ರಿಕೆಗೆ ಇಸ್ತ್ರಿ ಹಾಕಿ ಓದುತ್ತಿದ್ದರು, ಲಿಫ್ಟಿನ ಗುಂಡಿಯನ್ನು ಮೊಣಕೈಯಿಂದ ಒತ್ತಲು ಹೋಗಿ ಒಟ್ಟಿಗೆ ಮೂರು ಗುಂಡಿ ಒತ್ತುತ್ತಿದ್ದರು. ಅಂಗಡಿ ಮುಚ್ಚಿತ್ತು. ಸೆಂಟಣ್ಣನಿಗೆ ಅದರ ಚಿಂತೆಯೇ ಇರಲಿಲ್ಲ, ಏಕೆಂದರೆ ಅವನಿಗೆ ಮಗಳು ಹುಟ್ಟಿದ್ದಳು! ಆಸ್ಪತ್ರೆಯೊಳಗೆ ಒಬ್ಬರಿಗೇ ಪ್ರವೇಶವೆಂದು ಹೆಂಡತಿಯ ಜೊತೆ ಅತ್ತೆ ಇದ್ದರು. ಇವನು ಮಗಳನ್ನು ಕಂಡದ್ದು ಫೋನಿನಲ್ಲಿ ಮಾತ್ರ. ಅದರಲ್ಲೂ ಅತ್ತೆಯ ಹೆಬ್ಬೆರಳು ಅಡ್ಡ ಬಂದು, ಮಗು ಮುಕ್ಕಾಲು ಪಾಲು ಹೆಬ್ಬೆರಳಿನಂತೆಯೇ ಕಂಡಿತ್ತು.

ಆ ಮಗು ಇವತ್ತು ಮಧ್ಯಾಹ್ನ ಮನೆಗೆ ಬರುವುದಿತ್ತು.

ಸೆಂಟಣ್ಣ ಬೆಳಿಗ್ಗೆಯೇ ಎದ್ದು ನೆಲ ಒರೆಸಿದ, ಒರೆಸಿದ ನೆಲವನ್ನೇ ಮತ್ತೆ ಒರೆಸಿದ. ಹತ್ತಿ, ಹಾಲು, ಮೆತ್ತನೆಯ ಟವೆಲು ತರಲು ಹೊರಗೆ ಓಡಿದ. ಚೀಲ ತುಂಬಿಕೊಂಡು, ಮಾಸ್ಕಿನೊಳಗೇ ಸಿಳ್ಳೆ ಹಾಕುತ್ತ ಬಂದರೆ ಗೇಟಿನಲ್ಲಿ ಸಾಲು! ಸಾಲಿನ ತುದಿಯಲ್ಲಿ ಮೇಜು. ಮೇಜಿನ ಹಿಂದೆ ಕಟ್ಟಡದ ಸಂಘದ ಅಧ್ಯಕ್ಷರು. ಶಾಲೆಯಲ್ಲಿ ಆಟದ ಮೇಷ್ಟರಾಗಿ ನಿವೃತ್ತರಾದವರು. ಕೊರಳಿನ ಸೀಟಿ ಮಾತ್ರ ನಿವೃತ್ತವಾಗಿರಲಿಲ್ಲ. ಎಲ್ಲರೂ ಅವರನ್ನು ಸೀಟಿ ಸಾರ್ ಎನ್ನುತ್ತಿದ್ದರು.

“ಏನು ಸಾರ್ ಇದು?”

“ರೇಡಿಯೋ ಕೇಳಿಲ್ವೇನ್ರೀ? ಈ ಕಾಯಿಲೆ ಬಂದ್ರೆ ಮೊದಲು ಹೋಗೋದೇ ವಾಸನೆ! ಇನ್ಮೇಲೆ ಡಬ್ಬಿ ಮೂಸಿ, ಒಳಗೇನಿದೆ ಹೇಳಿದವರಿಗೆ ಮಾತ್ರ ಒಳಗೆ ಪ್ರವೇಶ. ಹೇಳದಿದ್ದವರು ಸೀದಾ ಕೆಳಗಿನ ಟೇಬಲ್ ಟೆನ್ನಿಸ್ ರೂಮಿಗೆ. ಎರಡು ವಾರ!”

ಸೆಂಟಣ್ಣನ ಸಿಳ್ಳೆ ಮಾಸ್ಕಿನೊಳಗೇ ಸತ್ತಿತು. ಎರಡು ವಾರ! ಮಗಳು ಮೇಲೆ, ಅಪ್ಪ ಕೆಳಗೆ!

“ಸೆಂಟಣ್ಣನಿಗೆ ಯಾಕೆ ಸಾರ್ ಪರೀಕ್ಷೆ? ಮೀನಿಗೆ ಈಜೋ ಪರೀಕ್ಷೆ ಇಟ್ಟ ಹಾಗಾಯ್ತು,” ಎಂದಳು ಮುಂದೆ ನಿಂತಿದ್ದ ಟೈಲರಮ್ಮ.

“ಹೌದಲ್ಲ ಸಾರ್!” ಎಂದ ಸೆಂಟಣ್ಣ ಆಸೆಯಿಂದ.

“ನಿಯಮ ಅಂದ್ರೆ ಎಲ್ಲರಿಗೂ ನಿಯಮ,” ಎಂದು ಸೀಟಿ ಊದಿದರು ಸಾರ್.

ಡಬ್ಬಿ ನಾಲ್ಕಿದ್ದವು, ಮುಚ್ಚಳಕ್ಕೆಲ್ಲ ತೂತು. ಟೈಲರಮ್ಮ ಒಂದನ್ನು ಮೂಸಿ “ಕಾಫಿಪುಡಿ” ಎಂದು ಒಳಗೆ ಹೋದಳು. ಸಾರ್ ಆ ಡಬ್ಬಿಯನ್ನು ಬದಿಗಿಟ್ಟು ಬೇರೊಂದನ್ನು ಮುಂದಕ್ಕೆ ತಳ್ಳಿದರು. ಮುಖ ನೋಡಿ ಊಹಿಸೋಣವೆಂದರೆ ಅವರ ಮುಖದ ತುಂಬ ಮಾಸ್ಕು, ಸೀಟಿಗೆ ಮಾತ್ರ ಅದರಲ್ಲೊಂದು ತೂತು. ಸೆಂಟಣ್ಣ ಮಾಸ್ಕು ಇಳಿಸಿ, ಡಬ್ಬಿಯನ್ನು ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ, ಅಂಗಡಿಯಲ್ಲಿ ಮಾಡುವಂತೆಯೇ ಕತ್ತನ್ನು ನಿಧಾನವಾಗಿ ಓಲಾಡಿಸಿದ. ಆಮೇಲೆ ಒಂದೇ ಒಂದು ಕಣ್ಣನ್ನು ಅರ್ಧ ತೆರೆದ. ಸಾರ್ ಅವರ ಅಂಗಿಯ ತೋಳಿಗೆ ಏನೋ ಅಂಟಿಕೊಂಡಿತ್ತು. ಬೆಳ್ಳಗೆ, ತೆಳ್ಳಗೆ, ಕಾಗದದ ಚೂರಿನಂತೆ.

“ಬೆಳ್ಳುಳ್ಳಿ,” ಎಂದ ಸೆಂಟಣ್ಣ. ಬದುಕಿದೆ ಎಂಬ ಖುಷಿಯಲ್ಲಿ ನಾಲಿಗೆ ನಿಲ್ಲಲಿಲ್ಲ. “ಇವತ್ತೇ ಬೆಳಿಗ್ಗೆ ಸುಲಿದದ್ದು. ಸುಲಿದವರು ಗಂಡಸರು. ಸ್ವಲ್ಪ ಅವಸರದಲ್ಲಿದ್ದರು.”

ಸೀಟಿ ಸಾರ್ ಬಾಯಿಂದ ಸೀಟಿ ಜಾರಿತು. “ಅದೂ ಗೊತ್ತಾಗತ್ತೇನ್ರೀ!”

ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಸುಮ್ಮನೆ ಮನೆಗೆ ಹೋಗಿದ್ದರೆ ಆಗಿತ್ತು. ಆದರೆ ಸಾರ್ ಬಿಡಬೇಕಲ್ಲ! “ಇಂಥ ಮೂಗು ಇಟ್ಕೊಂಡು ಗೇಟಿನ ಡಬ್ಬಿ ಒಂದೇ ಸಾಕು ಅಂತ ಕೂರೋಕಾಗತ್ತಾ? ಇವತ್ತಿಂದ ನೀವೇ ನಮ್ಮ ಕಟ್ಟಡದ ಮೂಗು!”

ಮೂಗಿಗೆ ಹುದ್ದೆ ಸಿಕ್ಕಿದ ಮೇಲೆ ಬಿಡುವೆಲ್ಲಿ? ಒಬ್ಬರ ಫ್ರಿಜ್ಜಿನ ಹಾಲು ಒಡೆದಿದೆಯೋ ಇಲ್ಲವೋ ನೋಡಬೇಕು, ಇನ್ನೊಬ್ಬರ ಮಾಸ್ಕು ಒಗೆದದ್ದೋ ಒಗೆಯದ್ದೋ ಹೇಳಬೇಕು. ಸೆಂಟಣ್ಣ ಒಂದು ಕಣ್ಣು ಗಡಿಯಾರದ ಮೇಲಿಟ್ಟು ಮಹಡಿಯಿಂದ ಮಹಡಿಗೆ ಚೆಂಡಿನಂತೆ ಪುಟಿದ. ಕೇಳಿದವರ ಕಣ್ಣಿನಲ್ಲಿ ಯಾವ ಉತ್ತರದ ಆಸೆಯಿತ್ತೋ ಅದನ್ನೇ ಹೇಳಿದ. ಎಲ್ಲರೂ ಸಂತೋಷಪಟ್ಟರು.

ಕೊನೆಗೆ ಟೈಲರಮ್ಮ ಒಂದು ಕ್ಯಾನು ಎತ್ತಿಕೊಂಡು ಬಂದಳು. ಯಾರೋ ಕೈ ತೊಳೆಯುವ ಔಷಧವೆಂದು ಮಾರಿದ್ದರಂತೆ. “ಅಣ್ಣಾ, ಅಸಲಿಯೋ ನಕಲಿಯೋ ನೋಡಿಬಿಡು. ಮಹಡಿಗೆಲ್ಲ ಹಂಚೋಣ ಅಂತ.”

ಅವಳ ಕಣ್ಣಿನಲ್ಲಿದ್ದದ್ದು ಪೂರ್ತಿ ಆಸೆಯೇ. ಸೆಂಟಣ್ಣ ಮೂಸಿ, ತಲೆ ತೂಗಿ, “ಮೊದಲ ದರ್ಜೆ ಮಾಲು” ಎಂದ.

ಸ್ವಲ್ಪ ಹೊತ್ತಿನಲ್ಲಿ ಇಡೀ ಮಹಡಿಯ ಕೈಗಳು ಹುಳಿಹುಳಿಯಾಗಿ ನಾರತೊಡಗಿದವು. ಸೀಟಿ ಸಾರ್ ಎರಡೂ ಕೈ ಮುಂದೆ ಚಾಚಿಕೊಂಡು ಬಂದರು. “ಸೆಂಟಣ್ಣ, ಇದು ವಿನೆಗರ್ ಕಣ್ರೀ!”

ಸೆಂಟಣ್ಣ ಅಂಗಡಿಯ ನಗೆ ನಕ್ಕ. “ನಾನೂ ಅದನ್ನೇ ಅಲ್ವಾ ಸಾರ್ ಹೇಳಿದ್ದು? ಮೊದಲ ದರ್ಜೆ ವಿನೆಗರ್.”

ಸಾರ್ ಅವನನ್ನೇ ನೋಡಿದರು. ಹುಬ್ಬು ಒಂದು ಮೇಲೇರಿತು. ಇನ್ನೇನೋ ಕೇಳುವವರಿದ್ದರು, ಅಷ್ಟರಲ್ಲಿ ಕೆಳಗೆ ಕಾರಿನ ಹಾರನ್ನು!

ಸೆಂಟಣ್ಣ ಮೆಟ್ಟಿಲಿಳಿದನೋ ಜಾರಿದನೋ ಅವನಿಗೇ ಗೊತ್ತಿಲ್ಲ. ಅತ್ತೆ, ಹೆಂಡತಿ ಇಬ್ಬರೂ ಡಬ್ಬಿ ಮೂಸಿ ಒಳಗೆ ಬಂದರು. ಅಕ್ಕಪಕ್ಕದವರೆಲ್ಲ ಮೆಟ್ಟಿಲ ಮೇಲೆ ದೂರದೂರ ನಿಂತು ಕತ್ತು ಉದ್ದ ಮಾಡಿದರು. ಯಜಮಾನರೂ ಮೇಲಿನ ಕಟಕಟೆಗೆ ಒರಗಿ ನಿಂತಿದ್ದರು. ಸೆಂಟಣ್ಣ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಹೊಸ ಮಾಸ್ಕು ಹಾಕಿ, ಹೊಸ್ತಿಲಲ್ಲಿ ಕೈ ಚಾಚಿದ. ಅತ್ತೆ ಟವೆಲಿನ ಗಂಟನ್ನು ಅವನ ತೋಳಿಗಿಟ್ಟರು.

ಎಷ್ಟು ಹಗುರ! ಎಷ್ಟು ಬೆಚ್ಚಗೆ! ಮಗು ಒಂದು ಕಣ್ಣು ತೆರೆದು, ಇವನ್ಯಾರು ಎಂಬಂತೆ ನೋಡಿತು. ಆಮೇಲೆ ಮುಖ ಕೆಂಪಗೆ ಮಾಡಿ, ಸಣ್ಣದೊಂದು ಮುಲುಕಾಟ ಮುಲುಕಿ, ಪರಮಶಾಂತಿಯಿಂದ ಕಣ್ಣು ಮುಚ್ಚಿತು.

ಮೆಟ್ಟಿಲ ಮೇಲೆ ಒಬ್ಬೊಬ್ಬರಾಗಿ ಮಾಸ್ಕಿನ ಮೇಲೆ ಕೈ ಇಟ್ಟರು. ಸೀಟಿ ಸಾರ್ ಹಿಂದಿನ ಮೆಟ್ಟಿಲಿಗೆ ಸರಿದರು. ಸೆಂಟಣ್ಣನಿಗೆ ಇದ್ಯಾವುದೂ ಕಾಣಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಮಗಳ ಮುಖವೊಂದನ್ನು ಬಿಟ್ಟು.

“ಅಳಿಯಂದಿರೇ, ಮಗೂನ ಈ ಕಡೆ ಕೊಡಿ,” ಎಂದರು ಅತ್ತೆ.

“ಇರಲಿ ಅತ್ತೆ, ಎಷ್ಟು ಹಾಯಾಗಿದೆ!”

“ಅಲ್ಲ, ನಿಮಗೆ ವಾಸನೆ ಬರ್ತಿಲ್ವೇ?”

ಹಸುಗೂಸಿನ ಮೈಗೆ ಒಳ್ಳೆಯ ಪರಿಮಳವಿರುತ್ತದೆಂದು ಎಲ್ಲರೂ ಹೇಳುವುದನ್ನು ಸೆಂಟಣ್ಣ ಕೇಳಿದ್ದ. ಈಗ ಮೆಚ್ಚಬೇಕಾದ ಹೊತ್ತು ಬಂತೆಂದುಕೊಂಡು ಮಾಸ್ಕು ಸರಿಸಿ, ಟವೆಲಿನ ಗಂಟನ್ನು ಮುಖದ ಹತ್ತಿರ ತಂದು, ಎದೆ ತುಂಬ ಉಸಿರೆಳೆದುಕೊಂಡ.

“ಆಹಾ! ಆಗ ತಾನೇ ಅರಳಿದ ಮಲ್ಲಿಗೆ!”

ಅತ್ತೆ ಮಗುವನ್ನು ಕಿತ್ತುಕೊಂಡು ಒಳಗೋಡಿದರು. ಆಮೇಲೆ ಸೀಟಿ ಕೂಗಿತು, ಕಿವಿ ತೂತಾಗುವ ಹಾಗೆ.

“ವಾಸನೆ ಹೋಗಿದೆ! ಇವರಿಗೆ ಬಂದಿದೆ! ಎಲ್ಲರೂ ಹಿಂದೆ ಸರೀರಿ!”

“ಅಯ್ಯೋ, ಇಲ್ಲ ಸಾರ್! ನನಗೆ ಕಾಯಿಲೆ ಇಲ್ಲ!”

“ಬೆಳಿಗ್ಗೆ ಬೆಳ್ಳುಳ್ಳಿ ಸುಲಿದವರು ಗಂಡಸೋ ಹೆಂಗಸೋ ಹೇಳಿದ ಮೂಗು ಕಣ್ರೀ ಇದು! ಮಧ್ಯಾಹ್ನಕ್ಕೆ ಇದನ್ನ ಮಲ್ಲಿಗೆ ಅನ್ನತ್ತೆ ಅಂದ್ರೆ?”

ಸೆಂಟಣ್ಣ ಮೇಲೆ ನೋಡಿದ. ಕಟಕಟೆಯಲ್ಲಿ ಯಜಮಾನರು. ಮುಂದೆ ನೋಡಿದ. ಮುಚ್ಚಿದ ಬಾಗಿಲಿನಾಚೆ ಮಗಳ ಅಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮಗಳು ಎರಡು ವಾರ ದೂರ. ಒಂದು ಕ್ಷಣವೂ ತಡಮಾಡಲಿಲ್ಲ.

“ಸಾರ್, ನನಗೆ ಮೊದಲಿಂದಲೂ ವಾಸನೆ ಬರಲ್ಲ! ಚಿಕ್ಕವನಿದ್ದಾಗ ಬಿದ್ದು ಮೂಗು ಹೋಯ್ತು. ಬೆಳ್ಳುಳ್ಳಿ ಸಿಪ್ಪೆ ನಿಮ್ಮ ತೋಳಿಗೇ ಅಂಟಿತ್ತು, ಇನ್ನೂ ಇದೆ, ನೋಡ್ಕೊಳ್ಳಿ!”

ಒಳಗಿನಿಂದ ಹೆಂಡತಿ ಬಾಗಿಲು ಇಷ್ಟೇ ತೆರೆದಳು. “ರೀ... ಅಂದ್ರೆ ನಾನು ಹಾಲು ಸೀಯಿಸಿದಾಗೆಲ್ಲ ಚೆನ್ನಾಗಿದೆ, ಘಮ್ ಅಂತಿದೆ ಅಂತಿದ್ರಲ್ಲ? ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ದೆ!”

“ಅದೂ ಇತ್ತು ಕಣೇ,” ಎಂದ ಸೆಂಟಣ್ಣ ದೈನ್ಯದಿಂದ.

ಟೈಲರಮ್ಮನ ಕಣ್ಣು ತೇವವಾಯಿತು. ಸೀಟಿ ಸಾರ್ ತೋಳು ನೋಡಿಕೊಂಡರು, ಸಿಪ್ಪೆ ಇತ್ತು. ಸೀಟಿ ಬಾಯಿಂದ ಕೆಳಗಿಳಿಯಿತು. “ಹಾಗಾದ್ರೆ... ಮೊದಲಿಂದಲೂ ಇಲ್ಲ ಅಂದಮೇಲೆ...”

ಬಚಾವಾದೆ ಎಂದುಕೊಂಡ ಸೆಂಟಣ್ಣ. ಆಗಲೇ ಮೇಲಿನಿಂದ ಯಜಮಾನರ ದನಿ ಬಂತು.

“ಅವನ ಮಾತು ನಂಬಬೇಡಿ! ಮಗು ಹತ್ತಿರ ಇರೋ ಆಸೆಗೆ ಸುಳ್ಳು ಹೇಳ್ತಿದ್ದಾನೆ. ನನ್ನ ಅಂಗಡೀಲಿ ಇಷ್ಟು ವರ್ಷ ದುಡಿದ ಮೂಗು ಅದು. ಗುಲಾಬಿ ಯಾವುದು, ಮಲ್ಲಿಗೆ ಯಾವುದು ಅಂತ ಕಣ್ಣು ಕಟ್ಟಿ ಕೇಳಿದ್ರೂ ಹೇಳ್ತಾನೆ. ನಾನೇ ಸಾಕ್ಷಿ! ಈ ಮೂಗು ಹೋಗಿದ್ರೆ ಇವತ್ತೇ ಹೋಗಿರೋದು!”

ಯಜಮಾನರೇ ಹೇಳಿದ ಮೇಲೆ ಇನ್ನೇನಿದೆ? ಸೀಟಿ ಮತ್ತೆ ಬಾಯಿಗೇರಿತು. ಸೆಂಟಣ್ಣ ಹಾಸಿಗೆ ಸುತ್ತಿಕೊಂಡು ಟೇಬಲ್ ಟೆನ್ನಿಸ್ ರೂಮಿಗೆ ನಡೆದ. ಹಿಂದಿನಿಂದ ಯಾರೋ “ಪಾಪ, ಎಂಥ ಮೂಗಿತ್ತು!” ಎಂದು ನಿಟ್ಟುಸಿರು ಬಿಟ್ಟರು, ತೀರಿಕೊಂಡವರ ಬಗ್ಗೆ ಹೇಳುವ ಹಾಗೆ.

ಸಂಜೆ ಕಿಟಕಿಯ ಗಾಜನ್ನು ಯಾರೋ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಯಜಮಾನರು. ಸೆಂಟಣ್ಣ ದುಮುಗುಡುತ್ತ ಎದ್ದು ಬಂದು ಕಿಟಕಿ ತೆರೆದ.

“ಯಜಮಾನ್ರೇ, ನಾನು ಹೇಳಿದ್ದು ನಿಜ. ಆಣೆ ಮಾಡಿ ಹೇಳ್ತೀನಿ.”

“ಮೆಲ್ಲಗೆ ಮಾತಾಡೋ. ನಿಜ ಅಂತ ನನಗೆ ಗೊತ್ತು.”

ಸೆಂಟಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಯಾವಾಗಿಂದ?”

“ನೀನು ಸೇರಿದ ವಾರದಿಂದ. ಶೀಷೆಗಳನ್ನ ತೊಳೆದು ಚೀಟಿಯೆಲ್ಲ ಕಿತ್ತು ಬಂದಿತ್ತಲ್ಲ, ಅವತ್ತು ಸೀಮೆಎಣ್ಣೆ ಶೀಷೆ ಹಿಡ್ಕೊಂಡು ಒಬ್ಬರಿಗೆ ಗುಲಾಬಿ ಅಂತ ತೋರಿಸ್ತಾ ಇದ್ದೆ.”

“ಅಷ್ಟಾದ್ರೂ ಕೆಲಸಕ್ಕೆ ಇಟ್ಕೊಂಡ್ರಾ?”

“ನಿನಗಿಂತ ಮೊದಲು ಬಂದವರೆಲ್ಲ ಒಳ್ಳೇ ಮೂಗಿನವರೇ. ತಮಗೆ ಹಿಡಿಸಿದ್ದನ್ನ ಗಿರಾಕಿ ತಲೆಗೆ ಕಟ್ತಿದ್ರು. ನೀನೊಬ್ಬನೇ ಅವರ ಮುಖ ನೋಡಿ ಅವರಿಗೆ ಬೇಕಾದ್ದನ್ನ ಕೊಟ್ಟೋನು. ನಿನ್ನನ್ನ ಎಲ್ಲಿಗೆ ಕಳಿಸ್ಲಿ?”

“ಮತ್ತೆ ಆಗ ಮೆಟ್ಟಿಲ ಮೇಲೆ ಯಾಕೆ ಹಾಗೆ...”

“ಅಲ್ಲಿ ನಿಂತಿದ್ದೋರಲ್ಲಿ ಅರ್ಧ ಜನ ನಮ್ಮ ಗಿರಾಕಿಗಳು ಕಣೋ. ಮೂಗಿಲ್ಲದೋನು ಸೆಂಟು ಮಾರ್ತಾನೆ ಅಂತ ಊರಿಗೆ ಗೊತ್ತಾದ್ರೆ ನನ್ನ ಅಂಗಡಿ ಮತ್ತೆ ಬಾಗಿಲು ತೆಗೆಯೋ ಹಾಗಿಲ್ಲ. ನಿನ್ನ ಕೆಲಸಾನೂ ಇರಲ್ಲ. ಎರಡು ವಾರ ಹೇಗೋ ಕಳೆಯತ್ತೆ.”

ಸೆಂಟಣ್ಣನಿಗೆ ಸಿಟ್ಟು ಬಂತು, ಅಳು ಬಂತು, ನಗು ಬಂತು; ಮೂರೂ ಒಟ್ಟಿಗೇ ಬಾಗಿಲಿಗೆ ನುಗ್ಗಿದ್ದರಿಂದ ಯಾವುದೂ ಹೊರಗೆ ಬರಲಾಗಲಿಲ್ಲ. ಮೇಲೆಲ್ಲೋ ಮಗಳು ಅತ್ತಳು. ಇಬ್ಬರೂ ಛಾವಣಿಯತ್ತ ಮುಖವೆತ್ತಿ, ಅವಳು ಸುಮ್ಮನಾಗುವ ತನಕ ಹಾಗೇ ನಿಂತರು.

ಆಮೇಲೆ ಯಜಮಾನರು ಬಗಲಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದ ಊಟದ ಡಬ್ಬಿಯನ್ನು ತೆಗೆದು, ತಳ ಇನ್ನೂ ಬಿಸಿಯಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡಿ, ಕಿಟಕಿಯೊಳಗೆ ಚಾಚಿದರು.