ನಿಂತ ಬಸ್ಸಿನ ಎಂಜಿನ್

ಗಂಡ: ಹತ್ತರಿಂದ ಹನ್ನೊಂದೂವರೆವರೆಗೆ ವಿಶ್ರಾಂತಿ. ನಾನೇ ಕೈಯಾರೆ ಬರೆದಿದ್ದೀನಿ. ಇದು ಸುಳ್ಳಾ?

ಹೆಂಡತಿ: ಹತ್ತೂ ಸುಳ್ಳಲ್ಲ, ಹನ್ನೊಂದೂವರೆಯೂ ಸುಳ್ಳಲ್ಲ. ವಿಶ್ರಾಂತಿ ಸುಳ್ಳು.

ಗಂಡ: ಮಲಗಿದ್ದೆ ತಾನೇ?

ಹೆಂಡತಿ: ಮಲಗಿದ್ದೆ.

ಗಂಡ: ಮಲಗಿದ್ದಕ್ಕೆ ವಿಶ್ರಾಂತಿ ಅನ್ನದೆ ವ್ಯಾಯಾಮ ಅಂತ ಬರೀಲಾ?

ಉಸಿರು ಉಳಿಸಿಕೊಳ್ಳಲು ಅವಳು ಕಣ್ಣು ಮುಚ್ಚಿಕೊಂಡಳು. ಎಂಟು ತಿಂಗಳ ಹಿಂದೆ ಬಂದ ಕೋವಿಡ್ ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತ್ತು. ಅದರ ಜೊತೆ ಬಂದ ಸುಸ್ತು ಮಾತ್ರ, ಕರೆಯದೆ ಬಂದ ನೆಂಟ ಗಂಟು ಬಿಚ್ಚಿ ಕೂತ ಹಾಗೆ ಮನೆಯಲ್ಲೇ ಕೂತುಬಿಟ್ಟಿತು. ಒಂದು ದಿನ ಚೂರು ಹೆಚ್ಚು ಓಡಾಡಿದರೆ ಮುಂದಿನ ಎರಡು ದಿನ ನೆಲಕಚ್ಚುತ್ತಿದ್ದಳು. ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು. ಮಾತಿನ ನಡುವೆ ಮಾತೇ ಮರೆತುಹೋಗುತ್ತಿತ್ತು. ಪರೀಕ್ಷೆ ಮಾಡಿಸಿದ್ದೆಲ್ಲ ‘ಸರಿಯಾಗಿದೆ’ ಎಂದು ಬಂದ ದಿನ ಗಂಡ ಖುಷಿಪಟ್ಟ, ಅವಳು ಅತ್ತಳು. ಕೊನೆಗೆ ಒಬ್ಬ ಡಾಕ್ಟರಮ್ಮ ಇದು ಲಾಂಗ್ ಕೋವಿಡ್ ಎಂದು ಹೇಳಿ, ದಣಿದ ಮೇಲೆ ಕೂರುವುದಲ್ಲ, ದಣಿಯುವ ಮೊದಲೇ ಕೂರಬೇಕು ಎಂದಿದ್ದರು. ದಿನವೂ ಏನು ಮಾಡಿದೆ, ಆಮೇಲೆ ಹೇಗಿತ್ತು ಎಂದು ಬರೆದು ತರಬೇಕು. ಎರಡು ವಾರ ನೆಲಕಚ್ಚದೆ ಕಳೆದರೆ ಅರ್ಧ ದಿನದ ಕೆಲಸಕ್ಕೆ ಪತ್ರ.

ಅವಳಿಗೆ ಬೇಕಿದ್ದದ್ದು ಆ ಪತ್ರ. ಗ್ರಂಥಾಲಯದ ಕೌಂಟರಿನಲ್ಲಿ ಅವಳ ಕುರ್ಚಿಯ ಮೇಲೆ ಈಗ ಬದಲಿಗೆ ಬಂದವಳೊಬ್ಬಳು ಕೂತಿದ್ದಳು. ತಿಂಗಳ ಕೊನೆಯವರೆಗೆ ಮಾತ್ರ ಕಾಯುವುದು ಎಂದು ಮೇಲಿನವರು ಹೇಳಿಯಾಗಿತ್ತು. ಡಾಕ್ಟರಮ್ಮನನ್ನು ನೋಡುವುದು ನಾಳೆ ಬೆಳಿಗ್ಗೆ. ಈ ಹದಿನಾಲ್ಕು ದಿನದಲ್ಲಿ ಅವಳು ನೆಲಕಚ್ಚಿದ್ದು ಮೂರು ಸಲ.

ಈ ದಿನಚರಿಯನ್ನು ಒಂದು ರಿಜಿಸ್ಟರಿನಲ್ಲಿ ಬರೆಯುವ ಭಾರ ಹೊತ್ತವನು ಗಂಡ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದ ಅವನಿಗೆ ಬೇರೆ ತರಹ ಬರೆಯಲು ಬರುತ್ತಿರಲಿಲ್ಲ. ‘ಹೊರಟಿದ್ದು: ಹಾಸಿಗೆ, 6.40. ತಲುಪಿದ್ದು: ಅಡುಗೆಮನೆ, 6.41. ವಾಪಸ್: 7.05. ತಡ: ನಾಲ್ಕು ನಿಮಿಷ. ಕಾರಣ: ಗೋಡೆ ಹಿಡಿದು ನಿಂತಿದ್ದು.’ ಡ್ಯೂಟಿ ಮಧ್ಯಾಹ್ನದ ಮೇಲಾದ್ದರಿಂದ ಬೆಳಗಿನ ಅಡುಗೆ, ಬಟ್ಟೆ, ಪಾತ್ರೆ ಎಲ್ಲ ತನ್ನದೆಂದು ಅವನು ಸಾರಿಯೂ ಇದ್ದ. ಅದು ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು, ಅವನೇ ಹೇಳಿದ್ದರಿಂದ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಗುಂಡಿಯ ಡಬ್ಬಿ ಇಟ್ಟುಕೊಂಡು ಕೂತಿದ್ದರು. ನಲವತ್ತು ವರ್ಷ ಬಟ್ಟೆ ಹೊಲಿದ ಕೈ ಸುಮ್ಮನಿರುವುದಿಲ್ಲ. ಎರಡು ವಾರದಿಂದ ಆಗಾಗ ಒಂದು ಗುಂಡಿ ತೆಗೆದು ಸ್ಟೀಲ್ ಲೋಟಕ್ಕೆ ಹಾಕುತ್ತಿದ್ದರು. ಟಣ್. ತಾನು ಎಷ್ಟು ಸಲ ಮಲಗಿದೆ ಎಂಬ ಲೆಕ್ಕ ಅದು ಎಂದು ಸೊಸೆಗೆ ಗುಮಾನಿ.

ಗಂಡ: ನೋಡು, ನಾನು ಕೂಲಂಕಷವಾಗಿ ನೋಡಿದ್ದೀನಿ. ವಿಶ್ರಾಂತಿ ಜಾಸ್ತಿ ಆದ ಮಾರನೇ ದಿನವೇ ನೀನು ಬಿದ್ದಿದ್ದೀಯ. ಮೂರಕ್ಕೆ ಮೂರು ಸಲವೂ. ‘ವಿಶ್ರಾಂತಿ ಒಗ್ಗುತ್ತಿಲ್ಲ’ ಅಂತ ಕೊನೇಲಿ ಷರಾ ಬರೆದುಬಿಡ್ತೀನಿ.

ಹೆಂಡತಿ: ಹಾಗೆ ಬರೆದರೆ ನನ್ನ ಕುರ್ಚಿ ಹೋಯ್ತು ಅಂತಲೇ ತಿಳ್ಕೊಳ್ಳಿ. ಆ ಮೂರೂ ದಿನ ನಿಮಗೆ ರಜೆ ಇತ್ತು. ಎರಡು ಸಲ ವಾರಕ್ಕೊಮ್ಮೆ ಸಿಗೋ ರಜೆ, ಒಂದು ಸಲ ನನಗೋಸ್ಕರ ಹಾಕಿದ್ದು.

ಗಂಡ: ಹೌದು. ಅವತ್ತು ನಿನ್ನ ಕೈಗೆ ಒಂದು ಚಮಚ ಕೊಟ್ಟಿಲ್ಲ. ಎಲ್ಲಾ ನಾನೇ ಮಾಡಿದೆ.

ಹೆಂಡತಿ: ಮಾಡಿದ್ರಿ. ನನ್ನನ್ನ ಕೇಳಿ ಕೇಳಿ.

ಅವಳು ಕಣ್ಣು ಮುಚ್ಚಿಕೊಂಡೇ ಆ ರಜೆಗಳಲ್ಲೊಂದರ ಬೆಳಿಗ್ಗೆಯನ್ನು ಒಪ್ಪಿಸಿದಳು. ದೊಡ್ಡ ಪಾತ್ರೆಯ ಮುಚ್ಚಳ ಎಲ್ಲಿ ಎಂದು ಕೇಳಿದ್ದು. ಅದು ಸಿಕ್ಕ ಮೇಲೆ ದೊಡ್ಡ ಪಾತ್ರೆ ಎಲ್ಲಿ ಎಂದು ಕೇಳಿದ್ದು. ಅಮ್ಮನ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ. ಈ ಅಂಗಿ ಬಣ್ಣ ಬಿಡುತ್ತದೋ ಇಲ್ಲವೋ. ನಲ್ಲಿ ರಿಪೇರಿಯವನ ನಂಬರ್ ಯಾವ ಹೆಸರಲ್ಲಿದೆ. ಹಾಲು ಉಕ್ಕಿದರೆ ಏನು ಮಾಡಬೇಕು, ಅದೂ ಉಕ್ಕಿ ಒಲೆ ತುಂಬಿದ ಮೇಲೆ. ಅವಳ ಮೈ ಹಾಸಿಗೆಯಲ್ಲಿತ್ತು. ತಲೆ ಅಡುಗೆಮನೆಯಲ್ಲಿ ಬೆವರುತ್ತಿತ್ತು.

ಗಂಡ: ಇದೊಳ್ಳೇ ಕಥೆಯಾಯ್ತಲ್ಲ ಮಾರಾಯ್ತಿ. ಮಲಗಿದಲ್ಲಿಂದ ಒಂದು ಮಾತು ಹೇಳೋದೂ ಕೆಲಸವಾ?

ಹೆಂಡತಿ: ಡಿಪೋದಲ್ಲಿ ನೀವೇನು ಮಾಡ್ತೀರಿ? ಬಸ್ ತಳ್ತೀರಾ?

ಗಂಡ: ನಾನ್ಯಾಕೆ ತಳ್ಳಲಿ? ಯಾವ ಬಸ್ ಎಲ್ಲಿದೆ, ಯಾವುದು ಯಾವಾಗ ಹೊರಡಬೇಕು, ಅದನ್ನ ನೋಡ್ಕೋತೀನಿ.

ಹೆಂಡತಿ: ನಿಂತ್ಕೊಂಡಾ?

ಗಂಡ: ಕೂತ್ಕೊಂಡೇ. ಹಾಗಂತ ಸುಲಭ ಅಂದ್ಕೋಬೇಡ. ಒಬ್ಬೊಬ್ಬ ಡ್ರೈವರೂ ಬಂದು ನೂರು ಪ್ರಶ್ನೆ ಕೇಳ್ತಾನೆ. ಡ್ಯೂಟಿ ಮುಗಿಯೋ ಹೊತ್ತಿಗೆ ತಲೆ ಸಿಡೀತಿರುತ್ತೆ.

ಹೇಳಿದ ಮೇಲೆ ತಾನು ಎಲ್ಲಿಗೋ ಬಂದುಬಿಟ್ಟೆ ಎಂದು ಅವನಿಗೂ ಅನ್ನಿಸಿರಬೇಕು. ಅವಳು ಬಿಡಲಿಲ್ಲ.

ಹೆಂಡತಿ: ಬಸ್ ನಿಂತೇ ಇದೆ, ಎಂಜಿನ್ ಮಾತ್ರ ಓಡ್ತಾ ಇದೆ. ನಿಮ್ಮ ರಿಜಿಸ್ಟರಿನಲ್ಲಿ ಏನಂತ ಬರೀತೀರಿ?

ಗಂಡ: ನಿಂತಿದೆ ಅಂತ.

ಹೆಂಡತಿ: ಡೀಸೆಲ್?

ಗಂಡ: ಉರಿಯುತ್ತೆ. ಅದಕ್ಕೇ ಡ್ರೈವರಿಗೆ ಮೆಮೊ ಕೊಡೋದು.

ಹೆಂಡತಿ: ನನ್ನ ಟ್ಯಾಂಕಿನಲ್ಲಿ ದಿನಕ್ಕೆ ಅರ್ಧ ಲೀಟರ್ ಇರುತ್ತೆ ರೀ. ಅದನ್ನ ಮುಚ್ಚಳ ಹುಡುಕೋದಕ್ಕೇ ಸುಟ್ಟುಬಿಟ್ಟರೆ ಮಾರನೇ ದಿನ ಗಾಡಿ ಹೇಗೆ ಎಬ್ಬಿಸಲಿ?

ಗಂಡ ರಿಜಿಸ್ಟರನ್ನು ತಿರುವಿದ, ಮತ್ತೆ ತಿರುವಿದ. ಸೋತದ್ದು ಗೊತ್ತಾದರೂ ಒಪ್ಪಿಕೊಳ್ಳಲು ಇನ್ನೊಂದು ನಿಲ್ದಾಣ ಬಾಕಿ ಇತ್ತು.

ಗಂಡ: ಏನೋ ಒಂದೆರಡು ಸಲ ಕೇಳಿರಬಹುದು. ಅದನ್ನೇ ಗುಡ್ಡ ಮಾಡಿದರೆ ಹೇಗೆ?

ಅತ್ತೆ: ಇವತ್ತು ಮೂವತ್ತೊಂದು. ಹಿಂದಿನ ರಜೆ ದಿನ ಐವತ್ತೇಳು.

ಇಬ್ಬರೂ ತಿರುಗಿ ನೋಡಿದರು. ಅತ್ತೆ ಡಬ್ಬಿಯ ತಳದಿಂದ ದಾರದ ಸರಗಳನ್ನು ಎತ್ತಿ ಮೇಜಿನ ಮೇಲೆ ಸಾಲಾಗಿ ಹಾಸಿದರು. ದಿನಕ್ಕೊಂದು ಸರ. ಲೋಟಕ್ಕೆ ಬಿದ್ದ ಗುಂಡಿಗಳನ್ನು ಸಂಜೆ ಪೋಣಿಸಿ ಗಂಟು ಹಾಕಿದ್ದರು. ಹದಿಮೂರರಲ್ಲಿ ಹತ್ತು ಗೇಣುದ್ದ ಇದ್ದವು. ಮೂರು ಮಾತ್ರ ಮೇಜಿನ ಅಂಚು ದಾಟಿ ಕೆಳಗೆ ಜೋತುಬಿದ್ದವು. ಹದಿನಾಲ್ಕನೆಯದು ಇನ್ನೂ ಲೋಟದಲ್ಲಿತ್ತು.

ಹೆಂಡತಿ: ನಾನು ಮಲಗಿದ್ದನ್ನ ಎಣಿಸ್ತಿದ್ದೀರಿ ಅಂದ್ಕೊಂಡಿದ್ದೆ ಅತ್ತೆ.

ಅತ್ತೆ: ಅದನ್ನ ಇವನು ಬರೀತಿದ್ದಾನಲ್ಲಮ್ಮ, ಒಂದೇ ಕೆಲಸಕ್ಕೆ ಇಬ್ಬರು ಯಾಕೆ? ಇವನು ನಿನ್ನನ್ನ ಒಂದೊಂದು ಸಲ ಕೂಗಿದ್ದಕ್ಕೆ ಒಂದೊಂದು ಗುಂಡಿ. ಇವರಪ್ಪನೂ ಹೀಗೇ ಇದ್ದರು. ಆಗ ನನ್ನ ಹತ್ತಿರ ಗುಂಡಿ ಇತ್ತು, ಎಣಿಸೋ ಬುದ್ಧಿ ಇರಲಿಲ್ಲ.

ಗಂಡ ಮೂರು ಉದ್ದನೆಯ ಸರಗಳನ್ನೂ ಎತ್ತಿ, ತನ್ನ ರಿಜಿಸ್ಟರಿನ ತಾರೀಖುಗಳ ಪಕ್ಕ ಇಟ್ಟು ನೋಡಿದ. ನಿಮಿಷದ ಲೆಕ್ಕ ತಪ್ಪದವನು ಅವನು. ಸಾಕ್ಷಿ ಎದುರಿಗಿದ್ದಾಗ ವಾದ ಮಾಡುವವನಲ್ಲ. ಕೆಂಪು ಪೆನ್ನು ತೆಗೆದು ‘ವಿಶ್ರಾಂತಿ’ ಎಂಬುದನ್ನೆಲ್ಲ ಹೊಡೆದುಹಾಕಿ, ‘ನಿಂತಿದೆ, ಎಂಜಿನ್ ಚಾಲೂ’ ಎಂದು ತಿದ್ದುತ್ತಾ ಹೋದ. ಕೊನೆಯ ಷರಾ ಬರೆಯುವಾಗ ಕೈ ಸ್ವಲ್ಪ ನಿಧಾನವಾಯಿತು. ಬರೆದದ್ದನ್ನು ಅವಳ ಕಡೆ ತಿರುಗಿಸಿದ: ‘ಮೂರು ಸಲ ಗಾಡಿ ಕೆಟ್ಟು ನಿಂತಿದ್ದಕ್ಕೆ ಕಾರಣ: ಟೈಮ್ ಕೀಪರ್.’

ಅವಳಿಗೆ ನಗು ಬಂತು.

ಹೆಂಡತಿ: ಸರಗಳನ್ನೂ ತಗೊಂಡು ಹೋಗೋಣ. ತಿಂಗಳ ಕೊನೆಗೆ ಇನ್ನೂ ಹದಿನಾರು ದಿನ ಇದೆ. ಮತ್ತೆರಡು ವಾರ ಕೊಡಿ ಅಂತ ಡಾಕ್ಟರಮ್ಮನ್ನ ಕೇಳ್ತೀನಿ.

ಗಂಡ: ಕೇಳು. ಈಗ ಮಲಗು, ನಾನು ಟೀ ಮಾಡ್ತೀನಿ. ಏನೂ ಕೇಳಲ್ಲ.

ಅವನು ಒಳಗೆ ಹೋದ. ಒಂದು ಕಪಾಟು ತೆರೆದ ಸದ್ದು, ಮುಚ್ಚಿದ ಸದ್ದು. ಇನ್ನೊಂದು. ಹುಡುಕುತ್ತಿರುವುದು ಸಕ್ಕರೆ ಎಂದು ಅವಳಿಗೆ ಸದ್ದಿನಿಂದಲೇ ಗೊತ್ತಾಯಿತು. ನಾಲಿಗೆ ತಡೆಯಲಿಲ್ಲ.

ಹೆಂಡತಿ: ಮೇಲಿನ ಸಾಲು, ಬಿಸ್ಕತ್ತಿನ ಹಳೇ ಡಬ್ಬಿ...

ಟಣ್.

ಅತ್ತೆ: ಇದು ಅವನು ಕೇಳದೇ ನೀನು ಹೇಳಿದ್ದು. ನಿನಗೂ ಒಂದು ಸರ ಮಾಡಲಾ?

ಅವಳು ತುಟಿ ಬಿಗಿದಳು. ಇನ್ನೆರಡು ಕಪಾಟು ತೆರೆದವು. ಏನೋ ಬಿತ್ತು, ಉರುಳಿತು. ಯಾವ ಡಬ್ಬಿ ಎಂದು ತಲೆ ಹುಡುಕಹೊರಟಿತು. ಅವಳು ಅದನ್ನು ಕಿವಿ ಹಿಡಿದು ವಾಪಸ್ ಕರೆದು ಕೂರಿಸಿದಳು. ಉರುಳಿದ್ದು ಉರುಳಲಿ. ಆಮೇಲೆ ಸದ್ದುಗಳು ಪಕ್ಕದ ಮನೆಯವೆಂಬಂತೆ ದೂರವಾದವು.

ಎಷ್ಟೋ ಹೊತ್ತಿನ ಮೇಲೆ ಟೀ ವಾಸನೆ ಹತ್ತಿರ ಬಂತು. ಅರೆನಿದ್ದೆಯಲ್ಲಿ ಅವಳು ರೆಪ್ಪೆಯ ಸಂದಿನಿಂದ ನೋಡಿದಳು. ಗಂಡ ಬಗ್ಗಿ ‘ನಿದ್ದೆ ಬಂತಾ’ ಎಂದು ಕೇಳಲು ಬಾಯಿ ತೆರೆದಿದ್ದ. ಅತ್ತೆ ಗುಂಡಿಯೊಂದನ್ನು ಲೋಟದ ಮೇಲೆ ಎತ್ತಿ ಹಿಡಿದಿದ್ದರು. ಬಾಯಿ ಮುಚ್ಚಿತು. ಅವನು ಮೆಲ್ಲಗೆ ಕೂತು, ರಿಜಿಸ್ಟರ್ ತೆರೆದು, ಎಂದಿನಂತೆ ಗೊಣಗಿಕೊಂಡೇ ಬರೆದ.

ಗಂಡ: ಹಾಸಿಗೆ: ಎಂಜಿನ್ ಬಂದ್. ಟೀ: ಇಪ್ಪತ್ತೆರಡು ನಿಮಿಷ ತಡ. ಕಾರಣ: ಡ್ರೈವರ್ ಈ ರೂಟಿಗೆ ಹೊಸಬ.

ಅತ್ತೆ: ಮದುವೆಯಾಗಿ ಇಪ್ಪತ್ತೊಂದು ವರ್ಷ ಆಯ್ತು ಕಣೋ. ಇಷ್ಟು ದಿನ ಟಿಕೆಟ್ ಇಲ್ಲದೆ ಹಿಂದಿನ ಸೀಟಲ್ಲಿ ಕೂತಿದ್ದೆ ಅಂತ ಬರಿ.