ಸ್ನೇಹಸಭೆಗೆ ನಾನು ಕಲಿಸಿದ ಎರಡು ಪದ

ಪರದೇಶದವನಿಗೆ ಎರಡು ಪದ ಕಲಿಸುವುದು ಏನು ಮಹಾ? ಆಂಧ್ರದ ಕಲ್ಯಾಣದುರ್ಗದಲ್ಲಿ ಜೀವಮಾನವಿಡೀ ಇಂಗ್ಲಿಷ್ ಮೇಷ್ಟ್ರಾಗಿದ್ದವನು ನಾನು!

ನನ್ನ ಹೆಂಡತಿ ಶಾರದೆಯ ತಮ್ಮ ರುದ್ರಪ್ಪ ಹಿಂದೂಪುರದಲ್ಲಿ ಹುಣಸೆ ವ್ಯಾಪಾರಿ. ಅವನ ಹಣ್ಣು ಕೊಳ್ಳುತ್ತಿದ್ದ ದೂರದ ದೇಶವೊಂದು ದಿಢೀರನೆ ಸುಂಕ ಏರಿಸಿ ಬಾಗಿಲು ಹಾಕಿಕೊಂಡಿತು. ಸರಕೆಲ್ಲ ಕೋಲ್ಡ್ ಸ್ಟೋರೇಜಿನಲ್ಲೇ ಉಳಿಯಿತು. ಅಷ್ಟರಲ್ಲಿ ಅದೇ ದೇಶ ವ್ಯಾಪಾರಿಗಳ ಮುನಿಸು ಇಳಿಸಲು ಒಬ್ಬ ಅಧಿಕಾರಿಯನ್ನು ಸ್ನೇಹಸಭೆಗೆ ಕಳಿಸಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ? ಆದರೂ ರುದ್ರಪ್ಪನಿಗೆ ಆಸೆ.

"ಭಾವ, ನೀವೇ ತರ್ಜುಮೆ ಮಾಡ್ಬೇಕು ಕಣ್ರೀ. ಆಯಪ್ಪ ಖುಷಿಯಾದ್ರೆ ಒಂದು ಆರ್ಡರಾದ್ರೂ ಬತ್ತದೆ. ಇಲ್ದಿದ್ರೆ ನಾನು ಮುಳುಗೋಯ್ತೀನಿ!"

"ರೀ, ಅವ್ರು ಹೇಳಿದ್ದಷ್ಟೇ ಹೇಳಿ ಬಂದ್ಬುಡಿ. ಮೇಷ್ಟ್ರುಗಿರಿ ಬ್ಯಾಡ" ಎಂದಳು ಶಾರದೆ. ಹಿಂದೂಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಾಬರಿಯಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಗೊಣಗುತ್ತಲೇ ಇದ್ದೆ.

ಸಭೆಗೆ ಮುಂಚೆ ಅಧಿಕಾರಿ, "ಏನೂ ಯೋಚನೆ ಮಾಡಬೇಡಿ ಅನ್ನುವುದನ್ನು ಇವರ ಭಾಷೆಯಲ್ಲೇ ಹೇಳಬೇಕು, ಕಲಿಸಿ" ಎಂದ. ವ್ಯಾಪಾರಿಗಳಲ್ಲಿ ತೆಲುಗಿನವರೇ ಹೆಚ್ಚು. ನಾನು ಗಂಭೀರವಾಗಿ ಕಲಿಸಿದೆ: "ಚಿಂತ ವದ್ದು."

ವದ್ದು ಎಂದರೆ ಬೇಡ. ಚಿಂತ ಎಂದರೆ ತೆಲುಗಿನಲ್ಲಿ ಚಿಂತೆಯೂ ಹೌದು, ಹುಣಸೆಯೂ ಹೌದು! ನನಗೆ ಗೊತ್ತಿರಲಿಲ್ಲವೆ? ಹುಟ್ಟಿದಾಗಿನಿಂದ ಗೊತ್ತು. ಗಾಬರಿಯಲ್ಲಿ ಹೊಳೆಯಲಿಲ್ಲ, ಅಷ್ಟೇ.

ರುದ್ರಪ್ಪ ತಟ್ಟೆ ತುಂಬ ಹೊಸ ಹುಣಸೆಹಣ್ಣು ತಂದು ಅತಿಥಿಯ ಮುಂದಿಟ್ಟು ಕೈಮುಗಿದ. ಅತಿಥಿ ಮೈಕು ಎಳೆದುಕೊಳ್ಳಲು ತಟ್ಟೆಯನ್ನು ಆಚೆ ಸರಿಸಿ, ಎರಡೂ ಕೈ ಆಡಿಸುತ್ತ, ನಗುನಗುತ್ತ ಘೋಷಿಸಿದ:

"ಚಿಂತ ವದ್ದು! ಚಿಂತ ವದ್ದು!"

ವ್ಯಾಪಾರಿಗಳು ಮುಖಮುಖ ನೋಡಿಕೊಂಡರು. "ಚಿಂತಪಂಡು ವದ್ದಾ?" ಹುಣಸೆಹಣ್ಣು ಬೇಡವಾ ಎಂದು ಹಿಂದಿನಿಂದ ಯಾರೋ ಕೂಗಿದರು. ಕೇಳಿಸಲಿಲ್ಲವೇನೋ ಎಂದುಕೊಂಡು ಮಹಾನುಭಾವ ಇನ್ನೂ ಜೋರಾಗಿ ಹೇಳಿದ!

"ಭಾವ, ಏನಂದ್ಬುಟ್ಟ ಇವ್ನು?" ರುದ್ರಪ್ಪ ಕುರ್ಚಿಗೆ ಕುಸಿದ. ನಾನು ಓಡಿಹೋಗಿ ಮೈಕು ಹಿಡಿದೆ.

"ಮಹಾಜನರೇ, ತಪ್ಪು ನನ್ನದು! ಇವರು ಹೇಳಿದ್ದು ಚಿಂತೆ ಬೇಡ ಎಂದು. ಹುಣಸೆ ಇವರಿಗೆ ಬೇಕೇ ಬೇಕು!"

ಚಪ್ಪಾಳೆಯೋ ಚಪ್ಪಾಳೆ! ಆ ಗದ್ದಲದಲ್ಲೇ ಅತಿಥಿಯ ಕಿವಿಯಲ್ಲಿ, "ಬೇಕು ತಾನೆ ಸ್ವಾಮಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವನ ನಗು ಮಾಯವಾಯಿತು. "ಇಲ್ಲ, ಈ ವರ್ಷ ಬೇಡ. ಅದನ್ನು ಬಾಯಿಬಿಡದೆ ಸ್ನೇಹದ ಮಾತಾಡಿ ಬಾ ಅಂತಲೇ ನನ್ನನ್ನು ಕಳಿಸಿರೋದು."

ರುದ್ರಪ್ಪ ಕಣ್ಣರಳಿಸಿ ಬಂದ. "ಏನಂದ್ರು ಭಾವ?"

"ನಾನು ಮೊದ್ಲು ತಪ್ಪಾಗಿ ಕಲಿಸಿದ್ದೇ ಸರಿ ಕಣಪ್ಪ."

ಮನೆಗೆ ಬಂದು ಎಲ್ಲ ಹೇಳಿಕೊಂಡೆ. ಶಾರದೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಜೀವಮಾನದಾಗೆ ಸರಿಯಾಗಿ ಮಾಡಿದ್ದು ಅದೊಂದೇ ತರ್ಜುಮೆ. ಅದನ್ನೂ ತಿದ್ಬುಟ್ರಲ್ಲಾ!"